ಮನಸ್ಸನ್ನು ಓದಿದವರು, ಬಾನುಲಿ ಕಟ್ಟಿದವರು: ಡಾ. ಎಂ. ವಿ. ಗೋಪಾಲಸ್ವಾಮಿ

ಆಕಾಶವಾಣಿ ಎಂಬ ಪದವನ್ನು ಅರಿಯದ ಕನ್ನಡ ಮನೆ ನಮ್ಮ ಗಡಿನಾಡಿನಲ್ಲಿ ಇರಲಾರದು. ಮಂಜೇಶ್ವರದಿಂದ ಬಂದಡ್ಕದವರೆಗೆ, ಕುಂಬಳೆಯಿಂದ ಪೆರ್ಲದವರೆಗೆ, ಅಡಿಕೆ ತೋಟಗಳ ನಡುವಣ ಒಂಟಿ ಮನೆಗಳಲ್ಲಿಯೂ ಒಂದು ಕಾಲಕ್ಕೆ ಬೆಳಗಾಗುತ್ತಿದ್ದುದು ರೇಡಿಯೋದ ರಾಗದೊಂದಿಗೆ. ಆದರೆ ಈ ಪದವನ್ನು ಬಾನುಲಿಗೆ ತೊಡಿಸಿದವರು ಯಂತ್ರವಿದ್ಯೆಯ ಇಂಜಿನಿಯರರಲ್ಲ, ವೃತ್ತಿಯಿಂದ ಸಾಹಿತಿಗಳೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಒಬ್ಬ ಪ್ರಾಧ್ಯಾಪಕರು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿ.

ಬಾನುಲಿಯ ಜನಕರೆಂದು ಅವರನ್ನು ನೆನೆಯುವವರು ಅವರ ಮನಶ್ಶಾಸ್ತ್ರವನ್ನು ಮರೆಯುತ್ತಾರೆ. ಮನಶ್ಶಾಸ್ತ್ರದ ಚರಿತ್ರೆ ಬರೆಯುವವರು ಬಾನುಲಿಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಮಗಾದರೋ ಈ ಎರಡೂ ಒಂದೇ ಬಳ್ಳಿಯ ಹೂಗಳೆಂದು ತೋರುತ್ತದೆ. ಮನುಷ್ಯನು ಹೇಗೆ ಕಲಿಯುತ್ತಾನೆ ಎಂಬುದನ್ನು ಅಭ್ಯಸಿಸಿದವರು, ಕನ್ನಡದ ದನಿ ದಿನವೂ ಮನೆಯ ಕಿವಿಗೆ ಬೀಳುವ ಏರ್ಪಾಡನ್ನು ಮಾಡಿದರು. ಬೇರೆ ಭಾಷೆಯ ರಾಜ್ಯದಲ್ಲಿದ್ದು ಮಕ್ಕಳಿಗೆ ಕನ್ನಡವನ್ನು ದಾಟಿಸಬೇಕಾದ ನಾವು ಈ ಬದುಕನ್ನು ಒಮ್ಮೆ ಗಮನವಿಟ್ಟು ನೋಡುವುದು ಲೇಸು.

ಲಂಡನ್ನಿನ ಕನ್ನಡಿ

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪ್ರತ್ಯೇಕ ವಿಭಾಗ ತೆರೆಯಿತು. ಅದುವರೆಗೆ ನಮ್ಮ ದೇಶದಲ್ಲಿ ಮನಸ್ಸಿನ ವಿಚಾರವೆಂದರೆ ತತ್ತ್ವಶಾಸ್ತ್ರದ ಒಂದು ಅಧ್ಯಾಯ ಮಾತ್ರ. ಮನಸ್ಸನ್ನು ಗಡಿಯಾರದಿಂದಲೂ ಅಳತೆಪಟ್ಟಿಯಿಂದಲೂ ಪರೀಕ್ಷಿಸಬಹುದು ಎಂಬ ಮಾತು ಪಂಡಿತರಿಗೂ ಹೊಸತಾಗಿತ್ತು. ಈ ಹೊಸ ವಿದ್ಯೆಯನ್ನು ಅರಸಿಕೊಂಡು ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋದರು. ಅಲ್ಲಿ ಅವರಿಗೆ ದೊರೆತ ಗುರು ಚಾರ್ಲ್ಸ್ ಸ್ಪಿಯರ್‌ಮನ್.

ಸ್ಪಿಯರ್‌ಮನ್ನರು ಮೊದಲು ಸೈನ್ಯದಲ್ಲಿದ್ದವರು. ಆಮೇಲೆ ಜರ್ಮನಿಯ ಲೈಪ್ಸಿಗ್‌ನಲ್ಲಿ ಮನಶ್ಶಾಸ್ತ್ರ ಕಲಿತವರು. ಒಬ್ಬ ಹುಡುಗ ಲೆಕ್ಕದಲ್ಲಿ ಜಾಣನಾಗಿದ್ದರೆ ಭಾಷೆಯಲ್ಲಿಯೂ ಸಂಗೀತದಲ್ಲಿಯೂ ಸ್ವಲ್ಪಮಟ್ಟಿಗೆ ಮುಂದಿರುವುದು ಏಕೆ ಎಂದು ಅವರು ಕೇಳಿಕೊಂಡರು. ಎಲ್ಲ ಕೆಲಸಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ, ಜೊತೆಗೆ ಆಯಾ ಕೆಲಸಕ್ಕೆ ತಕ್ಕ ವಿಶೇಷ ಶಕ್ತಿ, ಹೀಗೆ ಎರಡು ಅಂಶಗಳಿವೆ ಎಂಬುದು 1904ರಲ್ಲಿ ಅವರು ಗಣಿತದ ಬಲದಿಂದ ಮುಂದಿಟ್ಟ ಸಿದ್ಧಾಂತ. ಬುದ್ಧಿಯ ಅಳತೆಯ ಬಗೆಗೆ ಇಂದಿಗೂ ನಡೆಯುತ್ತಿರುವ ಚರ್ಚೆಗೆ ಬುನಾದಿ ಅದೇ.

ಈ ಗುರುವಿನ ಬಳಿ ಗೋಪಾಲಸ್ವಾಮಿಯವರು ಕೈಗೆತ್ತಿಕೊಂಡುದು ಕಲಿಕೆಯ ಪ್ರಶ್ನೆಯನ್ನು. ಕೈ ಒಂದು ಕೆಲಸವನ್ನು ಕಲಿಯುವಾಗ ಬುದ್ಧಿಯ ಪಾಲು ಎಷ್ಟು? ಬುದ್ಧಿ ಮತ್ತು ಅಂಗಚಲನೆಯ ಕಲಿಕೆಯ ಸಂಬಂಧವನ್ನು ಕುರಿತ ಅವರ ಸಂಶೋಧನ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಅಚ್ಚಾಯಿತು. ಅದಕ್ಕೆ ಅವರು ಬಳಸಿದ ಸಾಧನ ಬಲು ಸರಳ: ಒಂದು ಕನ್ನಡಿ, ಒಂದು ಕಾಗದ, ಒಂದು ಪೆನ್ಸಿಲು.

ಕನ್ನಡಿ ಚಿತ್ರಣವೆಂದು ಕರೆಯುವ ಈ ಪ್ರಯೋಗವನ್ನು ನಮ್ಮ ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರವೊಂದನ್ನು ಬರೆಯಿರಿ. ಕೈಯೂ ಕಾಗದವೂ ನೇರವಾಗಿ ಕಾಣದಂತೆ ರಟ್ಟೊಂದನ್ನು ಅಡ್ಡವಿಡಿ. ಎದುರಿಗೆ ಕನ್ನಡಿ ನಿಲ್ಲಿಸಿ, ಅದರಲ್ಲಿ ಕಾಣುವ ಬಿಂಬವನ್ನು ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲು ಓಡಿಸಿ. ಕನ್ನಡಿಯಲ್ಲಿ ಮೇಲಿನದು ಕೆಳಗಾಗಿ ತೋರುವುದರಿಂದ ಕೈ ಅತ್ತ ಹೋಗೆಂದರೆ ಇತ್ತ ಹೋಗುತ್ತದೆ. ಮೂಲೆಗೆ ಬಂದೊಡನೆ ಕಟ್ಟಿಹಾಕಿದ ಎತ್ತಿನಂತೆ ನಿಂತುಬಿಡುತ್ತದೆ. ಓದಿದವರೂ ಚಿತ್ರ ಬರೆಯಬಲ್ಲವರೂ ಮೊದಲ ಸುತ್ತಿನಲ್ಲಿ ಬೆವರುತ್ತಾರೆ.

ಆದರೆ ಬಿಡದೆ ಹತ್ತು ಸಲ ಮಾಡಿದರೆ ತಪ್ಪು ಕಡಿಮೆಯಾಗುತ್ತದೆ, ತೆಗೆದುಕೊಳ್ಳುವ ಹೊತ್ತು ಇಳಿಯುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಸುಧಾರಣೆ ವೇಗವಾಗಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ, ನಡುವೆ ಕೆಲವೊಮ್ಮೆ ಮುಂದಕ್ಕೆ ಹೋಗದೆ ನಿಂತಲ್ಲೇ ನಿಂತಂತೆಯೂ ಆಗುತ್ತದೆ. ಎಲ್ಲಕ್ಕಿಂತ ವಿಸ್ಮಯದ ಸಂಗತಿ ಇನ್ನೊಂದಿದೆ. ಬಲಗೈಯಿಂದ ಅಭ್ಯಾಸ ಮಾಡಿದವನಿಗೆ ಎಡಗೈಯಿಂದಲೂ ಅದೇ ಕೆಲಸ ಸುಲಭವಾಗುತ್ತದೆ, ಎಡಗೈ ಒಮ್ಮೆಯೂ ಪಳಗಿರದಿದ್ದರೂ ಸಹ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಸಾಗುತ್ತದೆ. ಇದನ್ನು ಮನಶ್ಶಾಸ್ತ್ರಜ್ಞರು ಕಲಿಕೆಯ ವರ್ಗಾವಣೆ ಎನ್ನುತ್ತಾರೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಬಹುಭಾಷೆಗಳ ನಮ್ಮ ನಾಡಿಗೆ ಇದು ಮುಂದೆ ಬೇಕಾಗುತ್ತದೆ.

ನಾಯಿ, ಬೆಕ್ಕು ಮತ್ತು ಮಂಗ

ಗೋಪಾಲಸ್ವಾಮಿಯವರು ಸಂಶೋಧನೆ ನಡೆಸುತ್ತಿದ್ದ ಕಾಲದಲ್ಲಿ ಕಲಿಕೆಯ ವಿಷಯವಾಗಿ ಜಗತ್ತಿನಲ್ಲಿ ದೊಡ್ಡ ವಾಗ್ವಾದವೇ ನಡೆದಿತ್ತು. ಅದರ ಪರಿಚಯವಿಲ್ಲದೆ ಅವರ ಕೆಲಸದ ಬೆಲೆ ತಿಳಿಯದು.

ರಷ್ಯದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಿಕ ಪಡೆದವರು. ತಮ್ಮ ಪ್ರಯೋಗದ ನಾಯಿಗಳು ಅನ್ನ ಬಾಯಿಗೆ ಬೀಳುವ ಮೊದಲೇ, ಅನ್ನ ತರುವವನ ಹೆಜ್ಜೆಯ ಸಪ್ಪಳಕ್ಕೇ ಜೊಲ್ಲು ಸುರಿಸುವುದನ್ನು ಅವರು ಕಂಡರು. ಬಳಿಕ ಅನ್ನ ಕೊಡುವುದಕ್ಕೆ ಮುಂಚೆ ಒಂದು ಶಬ್ದ ಮಾಡುತ್ತ ಬಂದರು. ಹಲವು ಸಲ ಹೀಗಾದ ಮೇಲೆ ಬರಿಯ ಶಬ್ದಕ್ಕೇ ಜೊಲ್ಲು ಬರತೊಡಗಿತು. ಇದಕ್ಕೆ ಅನುಬಂಧನವೆಂದು ಹೆಸರು. ನಮ್ಮ ಹಟ್ಟಿಯ ಹಸುವಿಗೂ ಈ ಪಾಠ ಗೊತ್ತಿದೆ. ಅಕ್ಕಚ್ಚಿನ ಬಾಲ್ದಿಯ ಸದ್ದು ಕೇಳಿದೊಡನೆ ಅದು ಕಿವಿ ನಿಮಿರಿಸಿ ಕೂಗುವುದಿಲ್ಲವೇ? ಬಾಲ್ದಿಯಲ್ಲಿ ರುಚಿಯಿಲ್ಲ, ಆದರೆ ಬಾಲ್ದಿಯ ಸದ್ದು ರುಚಿಯೊಂದಿಗೆ ಗಂಟುಬಿದ್ದಿದೆ.

ಪಾವ್ಲೋವರು ಇನ್ನೂ ಎರಡು ಸಂಗತಿಗಳನ್ನು ಕಂಡುಹಿಡಿದರು. ಶಬ್ದ ಮಾಡುತ್ತ ಹೋಗಿ ಅನ್ನ ಕೊಡದೆ ಇದ್ದರೆ ಜೊಲ್ಲು ದಿನದಿನಕ್ಕೆ ಕಡಿಮೆಯಾಗಿ ಕೊನೆಗೆ ನಿಂತುಹೋಗುತ್ತದೆ. ಇದನ್ನು ವಿಲೋಪವೆನ್ನಬಹುದು. ಆದರೆ ಹೀಗೆ ಅಳಿದಂತೆ ಕಂಡ ಕಲಿಕೆ ನಿಜಕ್ಕೂ ಅಳಿದಿರುವುದಿಲ್ಲ. ಕೆಲಕಾಲ ಬಿಡುವು ಕೊಟ್ಟು ಮತ್ತೆ ಶಬ್ದ ಕೇಳಿಸಿದರೆ ಜೊಲ್ಲು ತಾನಾಗಿಯೇ ಒಸರುತ್ತದೆ. ಮತ್ತೆ ಅನ್ನ ಜೊತೆಗೂಡಿದರೆ ಮೊದಲಿಗಿಂತ ಬೇಗ ಕಲಿಕೆ ಮರಳುತ್ತದೆ.

ಅಮೇರಿಕದ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಅಗುಳಿಯಿದ್ದ ಪೆಟ್ಟಿಗೆಗಳಲ್ಲಿಟ್ಟು ನೋಡಿದರು. ಬೆಕ್ಕು ಪರಚಿ, ಕಚ್ಚಿ, ನೂಕಿ, ಎಲ್ಲೋ ಒಮ್ಮೆ ಆಕಸ್ಮಿಕವಾಗಿ ಅಗುಳಿಯನ್ನು ಒತ್ತಿ ಹೊರಬಂದು ಮೀನು ತಿನ್ನುತ್ತದೆ. ಪ್ರತಿಸಲವೂ ವ್ಯರ್ಥ ಚೇಷ್ಟೆ ಕಡಿಮೆಯಾಗುತ್ತದೆ. ಸುಖ ತಂದ ಕ್ರಿಯೆ ಉಳಿಯುತ್ತದೆ, ಸುಖ ತರದ್ದು ಉದುರಿಹೋಗುತ್ತದೆ. ಇದು ಪ್ರಯತ್ನ ಪ್ರಮಾದಗಳ ಕಲಿಕೆ. ಈ ದಾರಿಯನ್ನೇ ಮುಂದುವರಿಸಿದ ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಹುಮಾನವನ್ನು ಯಾವಾಗ ಎಷ್ಟು ಸಲ ಕೊಡುವುದೆಂಬುದರ ಮೇಲೆ ವರ್ತನೆಯನ್ನು ಹೇಗೆ ರೂಪಿಸಬಹುದೆಂದು ಇಲಿಗಳ ಪ್ರಯೋಗದಿಂದ ತೋರಿಸಿದರು.

ಇದೆಲ್ಲ ಯಂತ್ರದ ಮಾತಾಯಿತು, ಅರಿವಿಗೆ ಇಲ್ಲಿ ಸ್ಥಾನವೆಲ್ಲಿ ಎಂದು ಕೇಳಿದವರೂ ಇದ್ದರು. ಜರ್ಮನಿಯ ಕೋಲರ್ ಒಂದನೆಯ ಮಹಾಯುದ್ಧದ ಕಾಲದಲ್ಲಿ ಟೆನೆರೀಫ್ ದ್ವೀಪದಲ್ಲಿ ಚಿಂಪಾಂಜಿಗಳನ್ನು ಗಮನಿಸಿದರು. ಎತ್ತರದಲ್ಲಿ ತೂಗುಹಾಕಿದ ಬಾಳೆಹಣ್ಣಿಗಾಗಿ ಅವು ಹಾರಿ ಸೋತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಥಟ್ಟನೆ ಪೆಟ್ಟಿಗೆಯನ್ನು ಎಳೆದುತಂದು ಹತ್ತಿ ಹಣ್ಣು ಕಿತ್ತುಕೊಂಡವು. ಇಲ್ಲಿ ಕಲಿಕೆಯಾದದ್ದು ಒಳನೋಟದಿಂದ. ಅಮೇರಿಕದ ಟಾಲ್ಮನ್ ಇನ್ನೊಂದನ್ನು ತೋರಿಸಿದರು: ಬಹುಮಾನವಿಲ್ಲದೆ ಸುಮ್ಮನೆ ಜಟಿಲವಾದ ಓಣಿಗಳಲ್ಲಿ ಓಡಾಡಿದ ಇಲಿಯೂ ದಾರಿಯನ್ನು ಒಳಗೊಳಗೇ ಕಲಿತಿರುತ್ತದೆ, ಬೇಕಾದಾಗ ಅದು ಹೊರಬರುತ್ತದೆ.

ಈ ಕೊನೆಯ ಮಾತಿಗೆ ಸಾಕ್ಷಿ ಹುಡುಕಲು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಪಾರ್ತಿಸುಬ್ಬನ ಊರಾದ ಕುಂಬಳೆಯ ಆಸುಪಾಸಿನಲ್ಲಿ ಬಯಲಾಟದ ರಂಗಸ್ಥಳದ ಮುಂದೆ ಅರೆನಿದ್ದೆಯಲ್ಲಿ ಕೂತ ಮಕ್ಕಳನ್ನು ಕಾಣದವರಾರು? ಅವರಿಗೆ ಯಾರೂ ಪಾಠ ಹೇಳಿರುವುದಿಲ್ಲ, ಮಿಠಾಯಿ ಕೊಟ್ಟಿರುವುದಿಲ್ಲ. ಆದರೂ ಮರುದಿನ ಅಂಗಳದಲ್ಲಿ ಹಾಳೆಯ ಕಿರೀಟ ಕಟ್ಟಿಕೊಂಡು ತಾಳ ತಪ್ಪದೆ ಕುಣಿಯುತ್ತಾರೆ, ಮನೆಯಲ್ಲಿ ಎಂದೂ ಕೇಳದ ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಕಿವಿಗೆ ಬಿದ್ದದ್ದು ವ್ಯರ್ಥವಾಗಲಿಲ್ಲ.

ಮೈಸೂರಿನ ಪ್ರಯೋಗಶಾಲೆ

ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸುವ ಹೊಣೆ ಲಂಡನ್ನಿನಿಂದ ಮರಳಿದ ಗೋಪಾಲಸ್ವಾಮಿಯವರದಾಯಿತು. ಭಾರತದಲ್ಲಿ ಕಲ್ಕತ್ತೆಯ ಬಳಿಕ ಈ ವಿದ್ಯೆಗೆ ಇಷ್ಟು ಬೇಗ ನೆಲೆ ಕೊಟ್ಟ ಸ್ಥಳಗಳು ವಿರಳ. ಅವರು ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿದರು. ಪಾಶ್ಚಾತ್ಯರ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಲು ತೊಡಗಿದರು. ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸುವ ಏರ್ಪಾಡನ್ನೂ ಮಾಡಿದರು.

ಪರೀಕ್ಷೆಗಳನ್ನು ಮಾರ್ಪಡಿಸುವುದೆಂದರೆ ಬರಿಯ ಭಾಷಾಂತರವಲ್ಲ. ಲಂಡನ್ನಿನ ಮಗುವಿಗೆ ದಿನವೂ ಕಾಣುವ ವಸ್ತುವನ್ನು ನಮ್ಮ ಹಳ್ಳಿಯ ಮಗು ಕಂಡೇ ಇರಲಾರದು. ಆ ಪ್ರಶ್ನೆಗೆ ಉತ್ತರ ಬರೆಯದಿದ್ದರೆ ಅದು ದಡ್ಡನೆನ್ನಬಹುದೇ? ಮಗುವಿನ ಬುದ್ಧಿಯನ್ನು ಮಗುವಿನ ಭಾಷೆಯಲ್ಲಿ, ಮಗುವಿನ ಪರಿಸರದಲ್ಲಿ ಅಳೆಯಬೇಕೆಂಬ ವಿವೇಕ ಆ ಕೆಲಸದ ಹಿಂದಿದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಆಡಿ, ಶಾಲೆಯಲ್ಲಿ ಬೇರೊಂದು ಭಾಷೆಯ ಪ್ರಶ್ನೆಗೆ ತಬ್ಬಿಬ್ಬಾಗುವ ನಮ್ಮ ಮಕ್ಕಳನ್ನು ಕಂಡವರಿಗೆ ಈ ವಿವೇಕದ ಬೆಲೆ ಗೊತ್ತು.

ವ್ಯಕ್ತಿತ್ವದ ಪ್ರಶ್ನೆಯೂ ಆ ದಶಕಗಳಲ್ಲಿ ಬಿಸಿಬಿಸಿಯಾಗಿತ್ತು. ಒಬ್ಬ ಮನುಷ್ಯ ಧೈರ್ಯವಂತನಾಗಿಯೂ ಇನ್ನೊಬ್ಬ ಸಂಕೋಚದ ಮುದ್ದೆಯಾಗಿಯೂ ಬೆಳೆಯುವುದೇಕೆ? ವಿಯೆನ್ನಾದ ಫ್ರಾಯ್ಡ್ ಅದಕ್ಕೆ ಬಾಲ್ಯದ ಮರೆತ ಅನುಭವಗಳತ್ತ ಬೆರಳು ತೋರಿದರು. ಅಮೇರಿಕದ ವಾಟ್ಸನ್ ಎಲ್ಲವನ್ನೂ ಅನುಬಂಧನಕ್ಕೆ ಇಳಿಸಿದರು. ಅವರು 1920ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಇಲಿಗೆ ಹೆದರದೆ ಇದ್ದ ಎಳೆಯ ಮಗುವಿನ ಬೆನ್ನ ಹಿಂದೆ, ಇಲಿ ಕಂಡಾಗಲೆಲ್ಲ ಉಕ್ಕಿನ ಸರಳನ್ನು ಬಡಿದು ಸದ್ದು ಮಾಡಲಾಯಿತು. ಕೆಲವೇ ಸಲದಲ್ಲಿ ಮಗು ಇಲಿಯನ್ನು ಕಂಡೇ ಅಳತೊಡಗಿತು. ರೋಮವಿರುವ ಬೇರೆ ವಸ್ತುಗಳನ್ನು ಕಂಡರೂ ಬೆದರಿತು. ಇಂದು ಯಾವ ವಿಶ್ವವಿದ್ಯಾನಿಲಯವೂ ಇಂಥ ಕ್ರೌರ್ಯಕ್ಕೆ ಒಪ್ಪಿಗೆ ಕೊಡದು. ಅಮೇರಿಕದ ಆಲ್‌ಪೋರ್ಟ್ 1937ರ ತಮ್ಮ ಗ್ರಂಥದಲ್ಲಿ ಪ್ರತಿಯೊಬ್ಬನಲ್ಲಿಯೂ ಸ್ಥಿರವಾಗಿ ನೆಲೆಸುವ ಗುಣಲಕ್ಷಣಗಳ ಕಡೆಗೆ ಗಮನ ಸೆಳೆದರು. ಹುಟ್ಟಿನಿಂದ ಬಂದದ್ದು, ಬಾಲ್ಯದಲ್ಲಿ ತಟ್ಟಿದ್ದು, ದಿನದಿನ ಕಲಿತದ್ದು, ಈ ಮೂರೂ ಹೆಣೆದುಕೊಂಡೇ ವ್ಯಕ್ತಿತ್ವವಾಗುತ್ತದೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಮಾತು.

ಮೈಸೂರಿನ ಈ ವಿಭಾಗದಿಂದ ವಿದ್ವಾಂಸರ ಪರಂಪರೆಯೊಂದು ಬೆಳೆಯಿತು. ಬಿ. ಕುಪ್ಪುಸ್ವಾಮಿಯವರಂಥ ಹೆಸರಾಂತ ಪ್ರಾಧ್ಯಾಪಕರು ಅಲ್ಲಿ ಕೆಲಸ ಮಾಡಿದರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಬೇರೆ, ಹೆಸರಿನ ಹೋಲಿಕೆಯಿಂದ ವಾಚಕರು ಇಬ್ಬರನ್ನೂ ಒಬ್ಬರೆಂದು ತಿಳಿಯಬಾರದು. ಆ ಸಂಸ್ಥೆಯೇ ಇಂದಿನ ನಿಮ್ಹಾನ್ಸ್. ಕನ್ನಡದಲ್ಲಿ ಮನಸ್ಸಿನ ವಿಚಾರವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದ ಡಾ. ಎಂ. ಶಿವರಾಂ, ಅಂದರೆ ಕೊರವಂಜಿಯ ರಾಶಿಯವರು, ತಮ್ಮ ಮನಮಂಥನ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನಶ್ಶಾಸ್ತ್ರಕ್ಕೆ ಕನ್ನಡ ಹೊರಗಿನದಲ್ಲ ಎಂಬುದಕ್ಕೆ ಇಷ್ಟು ಸಾಕು.

ವಿಠಲ ವಿಹಾರದ ಮೂವತ್ತು ವಾಟು

ಈಗ ಬಾನುಲಿಯ ಮಾತಿಗೆ ಬರೋಣ. 1927ರಲ್ಲಿ ಮುಂಬಯಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಪ್ರಸಾರ ತೊಡಗಿದ ಖಾಸಗಿ ಕಂಪೆನಿಯೊಂದು ನಷ್ಟದಿಂದ 1930ರಲ್ಲಿ ಬಾಗಿಲು ಹಾಕಿತ್ತು. ಸರಕಾರ ಅದನ್ನು ವಹಿಸಿಕೊಂಡಿತ್ತು. ರೇಡಿಯೋ ಎಂಬುದು ದೊಡ್ಡ ನಗರಗಳ, ದೊಡ್ಡ ಬಂಡವಾಳದ ಕೆಲಸವೆಂದು ಎಲ್ಲರೂ ಬಗೆದಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ 1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ವಾಸದ ಮನೆಯಾದ ವಿಠಲ ವಿಹಾರದಿಂದಲೇ ಪ್ರಸಾರವನ್ನು ಆರಂಭಿಸಿದರು.

ಅವರ ಪ್ರೇಷಕ ಯಂತ್ರದ ಶಕ್ತಿ 30 ವಾಟು. ಹಿಂದೆ ನಮ್ಮ ಮನೆಗಳ ಚಾವಡಿಯಲ್ಲಿ ಉರಿಯುತ್ತಿದ್ದ ನಲುವತ್ತು ವಾಟಿನ ಬಲ್ಬಿಗಿಂತಲೂ ಅದು ಕಡಿಮೆ. ಮೊದಲ ಪ್ರಸಾರದಲ್ಲಿ ಕುವೆಂಪು ಅವರ ಕಾವ್ಯವಾಚನವಿತ್ತೆಂಬುದು ಪ್ರಸಿದ್ಧ. ಕುವೆಂಪು ಆಗ ಮೂವತ್ತರ ಪ್ರಾಯದವರು, ಅದೇ ಮಹಾರಾಜಾ ಕಾಲೇಜಿನ ಕನ್ನಡ ಅಧ್ಯಾಪಕರು. ಮುಂದೆ 250 ವಾಟಿನ ಯಂತ್ರವನ್ನು ತರಿಸಲಾಯಿತು. ಸಂಬಳದಾರ ಅಧ್ಯಾಪಕರೊಬ್ಬರು ವರ್ಷಗಟ್ಟಲೆ ಹೆಚ್ಚಾಗಿ ಸ್ವಂತ ದುಡ್ಡಿನಿಂದಲೇ ಇದನ್ನು ನಡೆಸಿದರೆಂದರೆ ಅವರ ಹಟ ಎಂಥದೆಂದು ಊಹಿಸಬಹುದು.

ಈ ಕೇಂದ್ರಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಪುರಾಣಗಳಲ್ಲಿ ಕಂಸನಿಗೆ ಮೃತ್ಯುವಿನ ಸೂಚನೆ ಕೊಟ್ಟ ಅಶರೀರವಾಣಿಯನ್ನು ಬಲ್ಲ ಜನಕ್ಕೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸದನ್ನು ಹಳೆಯ ಪರಿಚಯದೊಂದಿಗೆ ಗಂಟು ಹಾಕಿದರೆ ಕಲಿಕೆ ಸುಲಭವೆಂಬ ಮನಶ್ಶಾಸ್ತ್ರದ ಪಾಠವೇ ಆ ಹೆಸರಿನಲ್ಲಿದೆ. ದೆಹಲಿಯ ಸರಕಾರಿ ಪ್ರಸಾರ ಸಂಸ್ಥೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ತಾಳಿದ್ದು 1936ರ ಜೂನ್ 8ರಂದು. ಮೈಸೂರಿನ ಮನೆಯ ಬಾನುಲಿ ಅದಕ್ಕಿಂತ ಒಂಬತ್ತು ತಿಂಗಳು ಹಿರಿಯದು.

ಹೆಸರಿನ ವಿಚಾರದಲ್ಲಿ ನಾ. ಕಸ್ತೂರಿಯವರ ಪಾಲನ್ನೂ ಹೇಳುವವರಿದ್ದಾರೆ. ಮೈಸೂರು ಬಾನುಲಿಯ ಕೆಲಸದಲ್ಲಿ ಅವರು ಗೋಪಾಲಸ್ವಾಮಿಯವರ ಒತ್ತಾಸೆಯಾಗಿ ನಿಂತವರು. ಕಸ್ತೂರಿಯವರ ಹೆಸರು ಬಂದಾಗ ಗಡಿನಾಡಿನವರಾದ ನಾವು ಒಂದು ಗಳಿಗೆ ನಿಲ್ಲಲೇಬೇಕು. ಅವರು 1897ರಲ್ಲಿ ಹುಟ್ಟಿದ್ದು ಕೊಚ್ಚಿಯ ಬಳಿಯ ತೃಪ್ಪೂಣಿತ್ತುರದಲ್ಲಿ; ಮನೆಮಾತು ಮಲೆಯಾಳ. ಉದ್ಯೋಗಕ್ಕಾಗಿ ಮೈಸೂರಿಗೆ ಬಂದು, ದೊಡ್ಡವರಾದ ಮೇಲೆ ಕನ್ನಡ ಕಲಿತು, ಅನರ್ಥಕೋಶದಂಥ ನಗೆಗ್ರಂಥವನ್ನು ಬರೆದು ಕನ್ನಡದ ಮೊದಲ ಪಂಕ್ತಿಯ ಹಾಸ್ಯಗಾರರಾದರು. ಇನ್ನೊಂದು ಭಾಷೆಯಲ್ಲಿ ನಗಿಸುವುದು ಆ ಭಾಷೆಯ ಕಲಿಕೆಯ ತುತ್ತತುದಿ. ಒಂದು ಭಾಷೆಯಲ್ಲಿ ಗಟ್ಟಿಯಾದ ಬುದ್ಧಿ ಇನ್ನೊಂದು ಭಾಷೆಗೂ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಕನ್ನಡಿ ಚಿತ್ರಣದಲ್ಲಿ ಬಲಗೈಯ ಪಾಠ ಎಡಗೈಗೆ ದಾಟಿದ ಹಾಗೆ.

1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಈ ಕೇಂದ್ರವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ 1950ರಲ್ಲಿ ಅದು ಕೇಂದ್ರ ಸರಕಾರದ ಜಾಲಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ವರ್ಗವಾಯಿತು. 1974ರಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂತು. ಆದರೆ ಗೋಪಾಲಸ್ವಾಮಿಯವರು ಬಳಸಿದ ಹೆಸರು ಮಾತ್ರ ಊರಿಂದೂರಿಗೆ ಬೆಳೆಯಿತು. 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಬಾನುಲಿಗೆ ಆಕಾಶವಾಣಿ ಎಂಬ ಹೆಸರಾಯಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಆದೇಶವೂ ಹೊರಟಿತು. ಒಂದು ಮನೆಯ ಕೋಣೆಯಲ್ಲಿ ಹುಟ್ಟಿದ ಮಾತು ದೇಶದ ಮಾತಾಯಿತು.

ಗಡಿ ದಾಟಿದ ದನಿ

ಗೋಪಾಲಸ್ವಾಮಿಯವರ 30 ವಾಟಿನ ದನಿ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿಗೆ ತಲುಪುವಂಥದಲ್ಲ. ಆದರೆ ಅವರು ನೆಟ್ಟ ಗಿಡದ ನೆರಳು ತಲುಪಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕಚೇರಿಯ ಭಾಷೆ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ತಲಪಾಡಿಯಲ್ಲಿ ಲಾರಿಗಳನ್ನು ತಡೆಯಲು ಗೇಟು ಬಂತು. ರೇಡಿಯೋ ಅಲೆಗೆ ಮಾತ್ರ ಯಾವ ಗೇಟೂ ಅಡ್ಡಬರಲಿಲ್ಲ. ಮಧ್ಯಮ ತರಂಗಗಳು ಕತ್ತಲಾದ ಮೇಲೆ ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿ ದೂರಕ್ಕೆ ಸಾಗುತ್ತವೆ. ಆದ್ದರಿಂದ ಸಂಜೆ ದೀಪ ಹಚ್ಚಿದ ಮೇಲೆ ಬೆಂಗಳೂರಿನ, 1950ರಲ್ಲಿ ತೊಡಗಿದ ಧಾರವಾಡದ, 1965ರಲ್ಲಿ ತೊಡಗಿದ ಭದ್ರಾವತಿಯ ದನಿಗಳು ನಮ್ಮ ಚಾವಡಿಗಳಲ್ಲಿ ಕೇಳಿಬರುತ್ತಿದ್ದವು. 1976ರ ಡಿಸೆಂಬರ್ 11ರಂದು ಮಂಗಳೂರು ಕೇಂದ್ರ ಬಂದ ಮೇಲಂತೂ ತಾಳಮದ್ದಳೆಯೂ ತುಳು ಕೊಂಕಣಿ ಕಾರ್ಯಕ್ರಮಗಳೂ ಮನೆಯ ಮಾತಿನ ಬಿಸುಪಿನಲ್ಲಿಯೇ ಬಂದವು.

ಆ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಯಾರೂ ಶಿಷ್ಟಕನ್ನಡದ ಉಚ್ಚಾರಣೆಯನ್ನು ಪಾಠ ಮಾಡಲಿಲ್ಲ. ಅಜ್ಜ ವಾರ್ತೆ ಕೇಳುತ್ತಿದ್ದರು, ಅಜ್ಜಿ ಹರಿಕಥೆ ಕೇಳುತ್ತಿದ್ದರು, ಅಮ್ಮ ತರಕಾರಿ ಹೆಚ್ಚುತ್ತ ಭಾವಗೀತೆ ಕೇಳುತ್ತಿದ್ದರು. ಮಕ್ಕಳು ಪಕ್ಕದಲ್ಲಿ ಇರುತ್ತಿದ್ದರು ಅಷ್ಟೇ. ಟಾಲ್ಮನ್ನರ ಇಲಿ ಓಣಿಗಳನ್ನು ಕಲಿತಂತೆ, ಬಹುಮಾನದ ಆಸೆಯಿಲ್ಲದೆ ಕನ್ನಡದ ದಾರಿಗಳೆಲ್ಲ ಅವರೊಳಗೆ ಮೂಡಿದವು. ಇದಲ್ಲದೆ ಆ ದನಿಗೆ ಮನೆಯ ಸುಖವೂ ಗಂಟುಬಿದ್ದಿತ್ತು: ಸಂಜೆಯ ಕಾಫಿ, ಎಲ್ಲರೂ ಒಟ್ಟಿಗೆ ಕೂಡುವ ಹೊತ್ತು, ಹೊರಗೆ ಸುರಿಯುವ ಆಟಿಯ ಮಳೆ. ಪಾವ್ಲೋವರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು.

ಇಂದು ಆ ಪೆಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಮಾತಾಡುವುದಿಲ್ಲ. ಮಗುವಿನ ಕೈಯಲ್ಲಿ ಮೊಬೈಲು ಇದೆ. ಅದರೊಳಗೆ ಇಂಗ್ಲಿಷಿದೆ, ಮಲೆಯಾಳವಿದೆ, ಹಿಂದಿಯಿದೆ. ಇವುಗಳಲ್ಲಿ ಯಾವುದೂ ನಮಗೆ ಶತ್ರುವಲ್ಲ. ನಾಲ್ಕೈದು ಭಾಷೆಗಳಲ್ಲಿ ಸಂತೆ ನಡೆಸಬಲ್ಲ ಕಾಸರಗೋಡಿನವರಿಗೆ ಹೆಚ್ಚು ಭಾಷೆ ಹೆಚ್ಚು ಸಂಪತ್ತು. ಮಂಜೇಶ್ವರದ ಗೋವಿಂದ ಪೈಗಳು ಇಪ್ಪತ್ತಕ್ಕೂ ಮಿಕ್ಕಿ ಭಾಷೆಗಳನ್ನು ಬಲ್ಲವರಾಗಿದ್ದರು. ಅದರಿಂದ ಅವರ ಕನ್ನಡ ಸೊರಗಲಿಲ್ಲ. ಅಪಾಯವಿರುವುದು ಬೇರೆ ಕಡೆ. ಕನ್ನಡದ ದನಿ ಕೇಳುತ್ತದೆ, ಆದರೆ ಅದರ ಹಿಂದೆ ಅನ್ನ ಬರುವುದಿಲ್ಲ. ಅರ್ಜಿಯ ನಮೂನೆ ಕನ್ನಡದಲ್ಲಿ ಸಿಗುವುದಿಲ್ಲ. ಕನ್ನಡ ಓದಿದರೆ ಕೆಲಸವೆಲ್ಲಿ ಎಂದು ಮನೆಯಲ್ಲಿಯೇ ಕೇಳುತ್ತಾರೆ. ಹೀಗೆ ಶಬ್ದವಿದ್ದೂ ಅನ್ನವಿಲ್ಲದಾಗ ಏನಾಗುತ್ತದೆ ಎಂಬುದನ್ನು ಪಾವ್ಲೋವರ ನಾಯಿಗಳು ತೋರಿಸಿಕೊಟ್ಟಿವೆ. ಅದು ಯಾರ ದ್ವೇಷದಿಂದಲೂ ಆಗಬೇಕಾಗಿಲ್ಲ; ತಾನಾಗಿಯೇ ಸದ್ದಿಲ್ಲದೆ ಆಗುತ್ತದೆ.

ಇನ್ನೂ ಕೆಟ್ಟದ್ದು ಅವಮಾನದ ಅನುಬಂಧನ. ತರಗತಿಯಲ್ಲೋ ಅಂಗಡಿಯಲ್ಲೋ ತನ್ನ ಭಾಷೆಯಲ್ಲಿ ಬಾಯಿ ತೆರೆದಾಗಲೆಲ್ಲ ಮಗು ನಗೆಗೀಡಾದರೆ, ವಾಟ್ಸನ್ನರ ಪ್ರಯೋಗದ ಮಗುವಿಗೆ ಬಿಳಿ ಇಲಿಯೊಂದಿಗೆ ಭಯ ಅಂಟಿಕೊಂಡಂತೆ, ಇದಕ್ಕೆ ಭಾಷೆಯೊಂದಿಗೆ ನಾಚಿಕೆ ಅಂಟಿಕೊಳ್ಳುತ್ತದೆ. ಆ ನಾಚಿಕೆ ಭಾಷೆಯಲ್ಲಿಯೇ ನಿಲ್ಲದೆ ಅಜ್ಜಿಯ ಮಾತಿಗೆ, ಮನೆಯ ಆಚಾರಕ್ಕೆ, ಕೊನೆಗೆ ತನ್ನತನಕ್ಕೇ ಹಬ್ಬಿ ವ್ಯಕ್ತಿತ್ವದ ಒಂದು ಅಂಗವಾಗಿಬಿಡುತ್ತದೆ. ಪಾಠದಲ್ಲಿ ಹಿಂದೆಬಿದ್ದ ಮಗುವನ್ನು ಮುಂದೆ ತರಬಹುದು. ತನ್ನ ಮನೆಮಾತಿಗೆ ನಾಚುವ ಮಗುವನ್ನು ಎತ್ತಿ ನಿಲ್ಲಿಸುವುದು ಕಷ್ಟ. ಕನ್ನಡ ತಪ್ಪಾಡಿದಾಗ ಗದರಿಸುವ ಹಿರಿಯರೂ ಇದನ್ನು ಯೋಚಿಸಬೇಕು. ಗದರಿಕೆಯೂ ಒಂದು ಉಕ್ಕಿನ ಸರಳೇ.

ಹಾಗಾದರೆ ಮಾಡತಕ್ಕದ್ದೇನು? ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತಮ್ಮ ನೆನಪನ್ನೇ ಪರೀಕ್ಷೆಗೊಡ್ಡಿಕೊಂಡು ಒಂದು ಮಾತನ್ನು ಸ್ಥಾಪಿಸಿದ್ದರು: ಒಂದೇ ದಿನ ರಾಶಿ ಓದುವುದಕ್ಕಿಂತ ದಿನಕ್ಕಿಷ್ಟು ಹಂಚಿ ಓದಿದ್ದು ಹೆಚ್ಚು ನಿಲ್ಲುತ್ತದೆ. ನವೆಂಬರ್ ತಿಂಗಳಲ್ಲಿ ಒಂದು ದಿನದ ಉತ್ಸವ ಮಾಡಿ ವರ್ಷವಿಡೀ ಸುಮ್ಮನಿರುವುದಕ್ಕಿಂತ, ರಾತ್ರಿ ಊಟದ ಮೊದಲು ಕಾಲು ಗಂಟೆ ಮಗುವಿನ ಮುಂದೆ ಒಂದು ಕಥೆಯನ್ನೋ ದಿನಪತ್ರಿಕೆಯ ಒಂದು ಸುದ್ದಿಯನ್ನೋ ಗಟ್ಟಿಯಾಗಿ ಓದುವುದು ಮೇಲು. ಓದುವವರ ದನಿಯಲ್ಲಿ ಸಂತೋಷವಿರಬೇಕು. ಪರೀಕ್ಷೆ ಮಾಡುವ ದನಿ ಬೇಡ. ಮಗು ತಾನಾಗಿ ಒಂದು ಕನ್ನಡ ವಾಕ್ಯ ಬರೆದರೆ ಅದನ್ನು ಮೆಚ್ಚಿ ನಾಲ್ಕು ಜನರಿಗೆ ತೋರಿಸಬೇಕು. ತಾಳಮದ್ದಳೆಗೆ ಹೋಗುವಾಗ ಮಕ್ಕಳನ್ನು ಮನೆಯಲ್ಲಿ ಬಿಟ್ಟುಹೋಗಬಾರದು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದ್ದಲ್ಲಿ ಕನ್ನಡದಲ್ಲಿಯೇ ಕೊಡಬೇಕು. ದನಿಯ ಹಿಂದೆ ಅನ್ನವೂ ಇದೆಯೆಂದು ಮಗುವಿಗೆ ಕಾಣಬೇಕು.

ಗೋಪಾಲಸ್ವಾಮಿಯವರು ಕಾಲವಾಗಿ ಹಲವು ದಶಕಗಳು ಸಂದಿವೆ. ಸರಕಾರವನ್ನೋ ಸಿರಿವಂತರನ್ನೋ ಕಾಯದೆ, ತಮ್ಮ ಮನೆಯ ಕೋಣೆಯಿಂದ, ಒಂದು ಬಲ್ಬಿನಷ್ಟು ವಿದ್ಯುಚ್ಛಕ್ತಿಯಿಂದ ಅವರು ತೊಡಗಿದರು ಎಂಬುದು ಅವರ ಬದುಕಿನಿಂದ ನಾವು ಎತ್ತಿಕೊಳ್ಳಬೇಕಾದ ಪಾಠ. ಪ್ರತಿಯೊಂದು ಕನ್ನಡ ಮನೆಯೂ ಅಷ್ಟು ಶಕ್ತಿಯ ಪ್ರಸಾರ ಕೇಂದ್ರವಾಗಬಲ್ಲದು; ತಲುಪಬೇಕಾದ ಕಿವಿಗಳು ಅದೇ ಮನೆಯಲ್ಲಿರುವ ಎರಡೋ ಮೂರೋ ಮಾತ್ರ. ಕನ್ನಡ ಈಗಾಗಲೇ ಮೌನವಾಗಿರುವ ಮನೆಗಳವರೂ ಕೈಚೆಲ್ಲಬೇಕಾಗಿಲ್ಲ. ವಿಲೋಪವಾದಂತೆ ತೋರಿದ ಕಲಿಕೆ ಒಳಗೆ ಉಳಿದಿರುತ್ತದೆ, ಮತ್ತೆ ದನಿ ಕೇಳಿದರೆ ಮೊದಲಿಗಿಂತ ಬೇಗ ಮರಳುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ನೂರು ವರ್ಷಗಳ ಹಿಂದೆಯೇ ಸಿದ್ಧವಾದ ಸತ್ಯ.